ಒಳಗೆ ಬಿಟ್ಟ ಮಾರ್ಜಿನ್

ಹೊಲಿಗೆಯ ಒಳಗೆ ಒಂದಿಷ್ಟು ಮಾರ್ಜಿನ್ ಬಿಡದವನು ಟೈಲರೇ ಅಲ್ಲ ಎಂಬುದು ನಮ್ಮ ಟೈಲರನ ನಂಬಿಕೆ. ನಾಳೆ ಗಿರಾಕಿ ದಪ್ಪಗಾದರೆ ಬಿಚ್ಚಿ ದೊಡ್ಡದು ಮಾಡಬಹುದಲ್ಲ! ಇಷ್ಟು ಮುಂದಾಲೋಚನೆಯ ಮನುಷ್ಯ ವಿದೇಶಿ ಕರೆನ್ಸಿ ವ್ಯಾಪಾರಕ್ಕೆ ಇಳಿದನೆಂದರೆ ನಂಬುವುದು ಕಷ್ಟ. ಆದರೂ ಇಳಿದ. ಹಿಂದೆ ಗುರುವಿರಲಿಲ್ಲ, ಮುಂದೆ ಗುರಿ ಮಾತ್ರ ಇತ್ತು: ಹೆಂಡತಿಗೊಂದು ಓವರ್‌ಲಾಕ್ ಮಷಿನ್.

ಬಟ್ಟೆಯ ಅಂಚು ಎಳೆ ಬಿಡದಂತೆ ಅವಳು ಹತ್ತು ವರ್ಷದಿಂದ ಕೈಯಲ್ಲೇ ಹೊಲಿಯುತ್ತಿದ್ದಳು. ಈಚೆಗೆ ಅವಳ ಹೆಬ್ಬೆರಳು ಮಡಚಲೂ ಬರುತ್ತಿರಲಿಲ್ಲ. ಅವಳು ಕೂಡಿಟ್ಟದ್ದು ಮಷಿನ್ನಿನ ಅರ್ಧ ಬೆಲೆಗೆ ಬಂದಿತ್ತು. ಉಳಿದರ್ಧ ಕರೆನ್ಸಿಯಲ್ಲಿ ದುಡಿಯುತ್ತೇನೆ ಎಂದ ಇವನು.

"ಪೂರ್ತಿ ಅರ್ಥ ಆಗೋವರೆಗೂ ಈ ದುಡ್ಡು ಮುಟ್ಟಬಾರದು," ಎಂದು ಅವಳು ಮಾತು ತೆಗೆದುಕೊಂಡಳು.

ಅರ್ಥವಾಗುವುದೇ ತೊಂದರೆಯಾಯಿತು. ಕತ್ತರಿಸುವ ಮೇಜಿನ ಮೇಲೆ ಫೋನನ್ನು ಇಸ್ತ್ರಿಪೆಟ್ಟಿಗೆಗೆ ಒರಗಿಸಿ ದಿನಾ ವಿಡಿಯೊ ನೋಡಿದ. ಯೂರೋ ಕೊಂಡರೆ ಡಾಲರ್ ಮಾರಿದಂತೆ ಎಂದರು ವಿಡಿಯೊದವರು. ಕೈಯಲ್ಲಿ ಇಲ್ಲದ್ದನ್ನೂ ಮಾರಬಹುದು ಎಂದರು. ಅಂದರೆ ಮೊದಲು ಪ್ಯಾಂಟು ಮಾರಿ ಆಮೇಲೆ ಬಟ್ಟೆ ತರುವುದೇ? ತಲೆಬುಡ ತಿಳಿಯಲಿಲ್ಲ.

"ಅರ್ಥ ಆಗ್ತಿದೆಯಾ ರೀ?"

"ಆಗ್ತಿದೆ, ಆಗ್ತಿದೆ."

ಗಂಡಸಿನ ಜಂಬ, ಇನ್ನೇನು!

ಒಂದು ಮಧ್ಯಾಹ್ನ ಪರದೆಯ ಮೂಲೆಯಲ್ಲಿ 'ಮಾರ್ಜಿನ್' ಎಂಬ ಪದ ಕಣ್ಣಿಗೆ ಬಿತ್ತು. ಗೊತ್ತಿಲ್ಲದ ಊರಲ್ಲಿ ನೆಂಟರು ಸಿಕ್ಕಷ್ಟು ಖುಷಿಯಾಯಿತು ಅವನಿಗೆ. ಇಷ್ಟು ದಿನದಲ್ಲಿ ಅರ್ಥವಾದ ಮೊದಲ ಪದ!

"ಆಯ್ತು ಕಣೆ, ಈಗ ಪೂರ್ತಿ ಅರ್ಥ ಆಯ್ತು," ಎಂದ. ಅವಳು ನಂಬಿ ದುಡ್ಡು ಕೊಟ್ಟಳು.

ಸ್ವಲ್ಪ ಯೂರೋ ಕೊಂಡ. ಮಾರ್ಜಿನ್ ಎಂಬಲ್ಲಿದ್ದ ಅಂಕಿ ಏರಿತು. ಇನ್ನಷ್ಟು ಕೊಂಡ, ಇನ್ನೂ ಏರಿತು. ಮಾರ್ಜಿನ್ ಹೆಚ್ಚಿದಷ್ಟೂ ಭದ್ರವಲ್ಲವೇ? ಕೊಳ್ಳುತ್ತಲೇ ಹೋದ. ಅದು ಮಿಗಿಸಿಟ್ಟ ಬಟ್ಟೆಯಲ್ಲ, ಅವನ ದುಡ್ಡನ್ನೇ ಒತ್ತೆ ಹಿಡಿದ ಲೆಕ್ಕ ಎಂದು ಪಾಪ, ಹೇಳುವವರು ಯಾರು?

ಯೂರೋ ಇಳಿಯತೊಡಗಿತು. ಪರದೆ ಕೆಂಪಾಗಿ 'ಮಾರ್ಜಿನ್ ಕಾಲ್' ಎಂದಿತು.

"ಏನಂತೆ?" ಅವಳು ಬಗ್ಗಿ ನೋಡಿದಳು.

"ಕಾಲ್ ಮಾಡ್ತಾರಂತೆ. ಮಾರ್ಜಿನ್ ಬಿಚ್ಚಬಹುದಾ ಅಂತ ಕೇಳೋಕಿರ್ಬೇಕು."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕೋಟು ಆಯಿತೇ ಎಂದು ಕೇಳಿದ ಗಿರಾಕಿ.

"ಲೈನ್ ಬಿಡಿ ಸಾರ್, ಅರ್ಜೆಂಟ್ ಕಾಲ್ ಬರೋದಿದೆ!" ಎಂದು ಗದರಿ ಇಟ್ಟ.

ಗಂಡ ಹೆಂಡತಿ ಮೈಯೆಲ್ಲ ಕಿವಿಯಾಗಿ ಕೂತರು. ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕೆಂಪು ತಾನೇ ಮಾಯವಾಯಿತು. ಗಂಡಾಂತರ ಕಳೆಯಿತೆಂದು ಉಸಿರು ಬಿಟ್ಟು, ಉಳಿದ ಹಣದ ಅಂಕಿ ನೋಡಿದ. ಒಂದು ಪೊಟ್ಟಣ ಸೂಜಿಗೂ ಸಾಲದಷ್ಟಿತ್ತು. ಒತ್ತೆ ಸಾಲದು, ಇನ್ನಷ್ಟು ದುಡ್ಡು ಹಾಕು ಎಂಬ ಎಚ್ಚರಿಕೆಯಂತೆ ಆ ಕೆಂಪು; ಹಾಕದಿದ್ದಕ್ಕೆ ವ್ಯಾಪಾರ ನಡೆಸುವ ಕಂಪನಿ ಯಾರನ್ನೂ ಕೇಳದೆ ಎಲ್ಲವನ್ನೂ ಮಾರಿ ಮುಗಿಸಿತ್ತು.

ದುಡ್ಡು ಹೋಯಿತು ಎಂದು ಅವಳಿಗೆ ಹೇಳಿದ.

"ಬೈಯೇ, ಏನಾದ್ರೂ ಅನ್ನು."

"ಏನಂತ ಬೈಲಿ? ಏನಾಯ್ತು ಅಂತ ಗೊತ್ತಾದ್ರೆ ತಾನೆ ಬೈಯೋದು?" ಅವಳು ಪ್ಯಾಂಟೊಂದನ್ನು ತೊಡೆಯ ಮೇಲೆ ಎಳೆದುಕೊಂಡು, ಮಡಚದ ಹೆಬ್ಬೆರಳಿನಲ್ಲೇ ಸೂಜಿ ಹಿಡಿದಳು. "ನಿಮಗೆ ಅರ್ಥ ಆಗಿದೆಯಲ್ಲ, ಮೊದಲಿಂದ ಹೇಳಿ."

ಅದು ಚುಚ್ಚುಮಾತಾಗಿರಲಿಲ್ಲ. ಅವಳು ನಿಜಕ್ಕೂ ತಿಳಿಯಲೆಂದೇ ಕೇಳಿದ್ದಳು. ಅವನು ಬಾಯಿ ತೆರೆದ. ಮೊದಲು ಎಂಬುದು ಎಲ್ಲಿದೆ ಎಂದೇ ಹೊಳೆಯಲಿಲ್ಲ.

"ನನಗೆ ಯಾವತ್ತೂ ಅರ್ಥ ಆಗಿರ್ಲಿಲ್ಲ ಕಣೆ," ಎಂದ.

ದುಡ್ಡು ಹೋಯಿತೆಂದಾಗ ಅಳದವಳು ಆಗ ಅತ್ತಳು.