ಟ್ರಾನ್ಸ್‌ಫರ್ ಆದಮೇಲೆ ನೋಡೋಣ ಎಂದ ಗುರುಸಿದ್ದಪ್ಪ

ನಾಗಪುರದಲ್ಲಿರುವ ನಮ್ಮ ಕನ್ನಡದವರ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳುತ್ತದೆ. "ಟ್ರಾನ್ಸ್‌ಫರ್ ಆಗ್ಲಿ, ಆಮ್ಯಾಲ ನೋಡೂಣು." ಗುರುಸಿದ್ದಪ್ಪ ಈ ಮಾತನ್ನು ಹದಿನೆಂಟು ವರ್ಷ ಹೇಳಿದ.

ಅವನು ಗದಗಿನ ಕಡೆಯವನು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ರೈಲ್ವೆಯ ಬೋಗಿ ರಿಪೇರಿ ಶೆಡ್ಡಿನಲ್ಲಿ ಹೆಲ್ಪರ್ ಕೆಲಸ ಸಿಕ್ಕಿ ನಾಗಪುರಕ್ಕೆ ಬಂದ. ಅದೇ ವಾರ ಅದೇ ಶೆಡ್ಡಿಗೆ ಸೇರಿದವನು ಕೊಪ್ಪಳದ ಅಪ್ಪಣ್ಣ. ಇಬ್ಬರೂ ಬೋಗಿಗಳ ಕೆಳಗೆ ನುಸುಳಿ ಬ್ರೇಕಿನ ಭಾಗ ಬಿಚ್ಚುತ್ತಿದ್ದರು, ಒಂದೇ ಡಬ್ಬಿಯ ರೊಟ್ಟಿ ತಿನ್ನುತ್ತಿದ್ದರು.

ನಾಲ್ಕನೆಯ ವರ್ಷ ಅಪ್ಪಣ್ಣ ಗೆಳೆಯನನ್ನು ನೋಟಿಸ್ ಬೋರ್ಡಿನ ಮುಂದೆ ಎಳೆದುಕೊಂಡು ಹೋದ.

"ನೋಡಪಾ ಗುರು, ಇಲಾಖೆ ಪರೀಕ್ಷಾ ಕರದಾರ. ಪಾಸಾದ್ರ ಮುಂದ ಸೂಪರ್‌ವೈಸರ್ ತನಕ ದಾರಿ ಐತಿ. ಇಬ್ರೂ ಕೂಡೇ ಓದೂಣು."

"ಪೇಪರ್ ಹಿಂದಿಯೊಳಗ ಇರ್ತೈತಿ. ನನಗೆಲ್ಲಿ ಬರ್ತೈತಿ?"

"ನನಗೂ ಬರೂದಿಲ್ಲ. ಕಲಿಯೂದು."

"ಬಿಡೋ ತಮ್ಮಾ. ಹುಬ್ಬಳ್ಳಿಗೆ ಅರ್ಜಿ ಹಾಕೀನಿ. ಇವತ್ತಲ್ಲ ನಾಳೆ ಹೋಗಾಂವ. ಇಲ್ಲಿ ಓದಿ ಏನ್ ಮಾಡೂದೈತಿ?"

ಅಪ್ಪಣ್ಣ ಒಬ್ಬನೇ ಓದಿದ, ಬೆಳಿಗ್ಗೆ ಡ್ಯೂಟಿಗೆ ಮೊದಲು ಒಂದು ತಾಸು. ಮೊದಲ ಸಲ ನಪಾಸಾದ. ಅಂದು ಶೆಡ್ಡಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಗುರುಸಿದ್ದಪ್ಪ. ಎರಡನೆಯ ಸಲ ಅಪ್ಪಣ್ಣ ಪಾಸಾದ. ಆಮೇಲೆ ಇನ್ನೊಂದು ಪರೀಕ್ಷೆ, ಇನ್ನೊಂದು ತರಬೇತಿ. ಹದಿನಾರನೆಯ ವರ್ಷಕ್ಕೆ ಅದೇ ಶೆಡ್ಡಿನ ಸೂಪರ್‌ವೈಸರ್ ಆದ. ಡ್ಯೂಟಿಯಲ್ಲಿ ಗುರುಸಿದ್ದಪ್ಪ ಅವನನ್ನು "ಸಾಹೇಬ್ರ" ಎನ್ನಬೇಕಾಯಿತು.

ವರ್ಗಾವಣೆ ಮಾತ್ರ ಬರಲಿಲ್ಲ. ಈ ನಡುವೆ ಗುರುಸಿದ್ದಪ್ಪನ ಮದುವೆಯಾಯಿತು. ಮಗಳು ಸೌಜನ್ಯಾ ಹುಟ್ಟಿ ಮರಾಠಿ ಶಾಲೆಗೆ ಹೋದಳು. ಹೆಂಡತಿ ಕಲಾವತಿ ಬಾಲವಾಡಿ ಟೀಚರ್ ತರಬೇತಿಗೆ ಸೇರುತ್ತೇನೆಂದಾಗ, "ಊರಿಗೆ ಹೋದ ಮ್ಯಾಲ ಸೇರೀಯಂತ" ಎಂದು ಮನೆಯಲ್ಲೇ ಕೂರಿಸಿದ. ಹೊಸ ಯಂತ್ರಗಳ ತರಬೇತಿಗೆ ಹೆಸರು ಕೇಳಿದಾಗಲೂ ಹಿಂದೆ ಸರಿದ.

ಕಳೆದ ವರ್ಷ ಅವನ ಮೊಣಕಾಲು ಕೆಟ್ಟಿತು. ಬೋಗಿಯ ಕೆಳಗೆ ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಆಗ ಪರೀಕ್ಷೆಯ ನೆನಪಾಯಿತು. ಫಾರ್ಮ್ ತುಂಬಿಕೊಂಡು ಕಚೇರಿಗೆ ಹೋದ. ಅಲ್ಲಿಯ ಗುಮಾಸ್ತೆ ಹುಟ್ಟಿದ ತಾರೀಖು ನೋಡಿ ಫಾರ್ಮನ್ನು ಹಿಂದಕ್ಕೆ ಸರಿಸಿದಳು. ವಯಸ್ಸಿನ ಮಿತಿ ದಾಟಿ ನಾಲ್ಕು ತಿಂಗಳಾಗಿತ್ತು.

"ಭಾಊ, ಇತನೀ ದೇರ್ ಕ್ಯೋಂ ಕರ್ ದೀ?" ಇಷ್ಟು ತಡ ಯಾಕೆ ಮಾಡಿದಿರಿ ಎಂದು ಅವಳು ಸಹಜವಾಗಿ ಕೇಳಿದಳು. ಗುರುಸಿದ್ದಪ್ಪ ಫಾರ್ಮನ್ನು ಮಡಚಿ ಕಿಸೆಗೆ ಹಾಕಿಕೊಂಡು ಹೊರಗೆ ಬಂದ.

ಸುದ್ದಿ ಕೇಳಿ ಆ ಭಾನುವಾರ ಅಪ್ಪಣ್ಣ ಮನೆಗೆ ಬಂದ. ಹತ್ತನೆಯ ತರಗತಿ ಪಾಸಾಗಿದ್ದ ಸೌಜನ್ಯಾ ಚಹಾ ಕೊಟ್ಟು ಅಲ್ಲೇ ನಿಂತಳು.

"ಕಾಕಾ, ಪಾಲಿಟೆಕ್ನಿಕ್ ಫಾರ್ಮಿಗೆ ಮಂಗಳವಾರ ಕಡೀ ದಿನ. ಅಪ್ಪ ಸಹಿ ಮಾಡವಲ್ಲ."

"ಅವಸರ ಏನೈತಿ?" ಎಂದ ಗುರುಸಿದ್ದಪ್ಪ. "ಈ ವರ್ಷ ಟ್ರಾನ್ಸ್‌ಫರ್ ಆದ್ರ ಹುಬ್ಬಳ್ಯಾಗ ಸೇರಿಸೂಣು."

ಕಲಾವತಿ ಅಡುಗೆಮನೆಯಿಂದ ಹೊರಗೆ ಬಂದಳು. "ಹದಿನೆಂಟು ವರ್ಷದಿಂದ ಊರಿಗೆ ಹೊಂಟಾರ್ರೀ ಅಪ್ಪಣ್ಣಾರ. ಇನ್ನೂ ಸ್ಟೇಷನ್ ಮುಟ್ಟಿಲ್ಲ. ನನ್ನನ್ನ ಕೂಡಿಸಿದ್ದು ಸಾಲದು ಅಂತ ಈಗ ಮಗಳನ್ನೂ ದಾರ್ಯಾಗ ಕೂಡಿಸ್ತಾರ."

"ನಾ ಇಲ್ಲೇ ಹುಟ್ಟೀನಿ ಅಪ್ಪಾ," ಎಂದಳು ಸೌಜನ್ಯಾ. "ನಿನ್ನ ಊರು ನನಗ ಸೂಟಿಯೊಳಗ ಹೋಗೋ ಊರು."

ಅಪ್ಪಣ್ಣ ಮೆಲ್ಲಗೆ ಹೇಳಿದ. "ಗುರು, ನೀ ನಗ್ತೀ ಅಂತ ನಾನೂ ಹೇಳೂದು ಬಿಟ್ಟಿದ್ದೆ. ಅದು ನನ್ನ ತಪ್ಪು. ಟ್ರಾನ್ಸ್‌ಫರ್ ಬಂದ್ರ ಬರ್ಲಿ, ಕಲಿತದ್ದು ಬರೋಬರ್ ನಮ್ಮ ಜೋಡಿ ಬರ್ತೈತಿ. ಕಲೀದ ಹೋಗಿದ್ರ ಹುಬ್ಬಳ್ಯಾಗೂ ನೀ ಹೆಲ್ಪರ್ ಆಗೇ ಇರ್ತಿದ್ದಿ."

"ನನಗಿನ್ನ ಏನೂ ದಾರಿ ಇಲ್ಲೇನು?"

"ಆ ಪರೀಕ್ಷಾ ಮುಗೀತು. ಸುಳ್ಳು ಹೇಳಂಗಿಲ್ಲ. ನಮ್ಮ ಸಾಮಾನಿನ ಸ್ಟೋರ್‌ನಾಗ ಕೂತು ಮಾಡೂ ಕೆಲಸ ಐತಿ, ಕಂಪ್ಯೂಟರ್ ಕಲಸ್ತಾರ, ಅದಕ್ಕ ವಯಸ್ಸಿನ ತಕರಾರಿಲ್ಲ. ಹುದ್ದೆ ಏರೂದಿಲ್ಲ, ಮೊಣಕಾಲು ಉಳೀತೈತಿ."

ಗುರುಸಿದ್ದಪ್ಪ ಮಗಳ ಫಾರ್ಮಿಗೆ ಸಹಿ ಮಾಡಿದ. ಸೋಮವಾರ ರಜೆ ಹಾಕಿ ಅವಳ ಜೊತೆ ತಾನೂ ಪಾಲಿಟೆಕ್ನಿಕ್‌ನ ಸಾಲಿನಲ್ಲಿ ನಿಂತ. ಮೂರು ವರ್ಷದ ನಂತರ ಏನು, ಮುಂದೆ ಯಾವ ಪರೀಕ್ಷೆ ಬರೆಯಬಹುದು ಎಂದು ತನ್ನ ಅರೆಬರೆ ಹಿಂದಿಯಲ್ಲಿ ಎಲ್ಲರನ್ನೂ ಕೇಳಿದ. ಸೌಜನ್ಯಾ ಎಲೆಕ್ಟ್ರಿಕಲ್ ವಿಭಾಗ ಸೇರಿದಳು. ಕಲಾವತಿ ಬಾಲವಾಡಿ ತರಬೇತಿಗೆ ಹೆಸರು ಕೊಟ್ಟಳು. ಈ ಸಲ ಗಂಡನನ್ನು ಕೇಳಲಿಲ್ಲ.

ಗುರುಸಿದ್ದಪ್ಪ ಈಗ ಸ್ಟೋರ್‌ನಲ್ಲಿ, ತನ್ನ ಅರ್ಧ ವಯಸ್ಸಿನವರ ಪಕ್ಕ ಕೂತು ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕುತ್ತಾನೆ. ನಿವೃತ್ತಿಯಾಗುವವರೆಗೂ ಅವನು ಹೆಲ್ಪರ್. ಅದು ಅವನಿಗೆ ಗೊತ್ತು. ಬೆಳಿಗ್ಗೆ ಹಾಜರಿಗೆ ನಿಂತಾಗ ದಿನವೂ ಗೊತ್ತಾಗುತ್ತದೆ.

ಅಣ್ಣಂದಿರೇ, ಅಕ್ಕಂದಿರೇ, ನೀವು ಬುಟಿಬೋರಿಯ ಕಾರ್ಖಾನೆಯಲ್ಲಿರಿ, ಸಿವಿಲ್ ಲೈನ್ಸಿನ ಕಚೇರಿಯಲ್ಲಿರಿ, ಉಮರೇಡಿನ ಗಣಿಯಲ್ಲಿರಿ, ನಾಳೆ ಕೆಲಸಕ್ಕೆ ಹೋದಾಗ ಇಷ್ಟು ಕೇಳಿಕೊಂಡು ಬನ್ನಿ: ನನ್ನ ಮೇಲಿನ ಹುದ್ದೆಗೆ ಯಾವ ಪರೀಕ್ಷೆ, ಯಾವ ತರಬೇತಿ, ಯಾವ ವಯಸ್ಸಿನವರೆಗೆ? ಉತ್ತರವನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹತ್ತು ವರ್ಷದ ನಂತರ ಯಾರು ಏನಾಗಿರಬೇಕು ಎಂದು ಮನೆಮಂದಿಯೆಲ್ಲ ಕೂತು ಮಾತಾಡಿ. ಹೆಂಡತಿಯ ಮಾತು ಕೇಳಿ, ಮಕ್ಕಳ ಮಾತು ಕೇಳಿ. ನಗುವವರು ನಗಲಿ. ಮೊದಲ ಸಲ ನಪಾಸಾದರೆ ಎರಡನೆಯ ಸಲ ಬರೆಯಿರಿ. ಆದರೆ ವಯಸ್ಸು ಇರುವಾಗಲೇ ಬರೆಯಿರಿ.