ಹಸಿರು ವೈರು ಎಳೆದ ಸ್ಪ್ರಿಂಗು

ನಾನು ವೈರ್ ಎಳೆಯುವ ಸ್ಪ್ರಿಂಗು. ಕೇಳಿ ಮೂಗು ಮುರಿಯಬೇಡಿ. ನಿಮ್ಮ ಮನೆಯ ಗೋಡೆಯೊಳಗೆ ನೀವೇ ಒಂದು ದಿನವೂ ಹೋಗಿಲ್ಲ, ನಾನು ಹೋಗಿ ಬಂದಿದ್ದೇನೆ. ಸ್ವಿಚ್ಚಿನಿಂದ ದೀಪದವರೆಗೆ ಗೋಡೆಯೊಳಗೆ ಒಂದು ಪೈಪು ಇರುತ್ತದಲ್ಲ, ಅದರೊಳಗೆ ಮೊದಲು ತಲೆ ತೂರಿಸುವವನು ನಾನು. ಆಚೆ ತುದಿಯಲ್ಲಿ ನನ್ನ ತಲೆ ಕಂಡ ಮೇಲೆ ನನ್ನ ಬಾಲಕ್ಕೆ ವೈರು ಕಟ್ಟಿ ಎಳೆಯುತ್ತಾರೆ. ದೀಪ ಹತ್ತಿದಾಗ ಎಲ್ಲರೂ ದೀಪವನ್ನೇ ನೋಡುತ್ತಾರೆ. ನೋಡಲಿ, ನನಗೇನೂ ಹೊಟ್ಟೆಯುರಿಯಿಲ್ಲ. ಸ್ವಲ್ಪ ಇದೆ.

ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಉಕ್ಕನ್ನು ಎಳೆದೆಳೆದು ತಂತಿ ಮಾಡಿದರು, ಮುಂದೆ ಕಿರುಬೆರಳಿನಷ್ಟು ಸುರುಳಿ ತಲೆ ಇಟ್ಟರು, ಹಿಂದೆ ವೈರು ಕಟ್ಟಲು ಒಂದು ಕಣ್ಣು ಕೊಟ್ಟರು. ಸುತ್ತಿ ಕಟ್ಟಿದರೆ ಸುಮ್ಮನಿರುತ್ತೇನೆ, ಕಟ್ಟು ಬಿಚ್ಚಿದರೆ ಸಟ್ಟನೆ ನೆಟ್ಟಗಾಗುತ್ತೇನೆ. ತಿಪಟೂರಿನ ಅಂಗಡಿಯಲ್ಲಿ ಹಾಗೆ ಬಿಚ್ಚಿಕೊಂಡು ಅಂಗಡಿಯವನ ಕನ್ನಡಕವನ್ನೇ ಹಾರಿಸಿಬಿಟ್ಟೆ. ಕೊಳ್ಳಲು ಬಂದಿದ್ದ ಎಲೆಕ್ಟ್ರಿಷಿಯನ್ ಹೊಂಬಾಳಯ್ಯ ನಕ್ಕು, ಸೊಕ್ಕಿನದು, ಇದೇ ಇರಲಿ ಎಂದ.

ಅವನೂ ಕಡಿಮೆ ಸೊಕ್ಕಿನವನಲ್ಲ. ಆದರೆ ದಿನಾ ಸಂಜೆ ನನ್ನ ಮೈ ಒರೆಸಿ, ಕೊಬ್ಬರಿ ಎಣ್ಣೆ ಸವರಿಯೇ ಚೀಲಕ್ಕೆ ಹಾಕುತ್ತಿದ್ದ. ಅವನ ಸಿಟ್ಟೆಲ್ಲ ಬೇರೆ ಕಸುಬಿನವರ ಮೇಲೆ. ಅವನು ಪೈಪಿನ ಬಾಯಿಗೆ ಪೇಪರ್ ತುರುಕಿ ಹೋದರೆ, ಗಾರೆಯವರು ಅದನ್ನೇ ಕಿತ್ತು ಕೈ ಒರೆಸಿಕೊಳ್ಳುತ್ತಿದ್ದರು. ಪೈಪಿನೊಳಗೆ ಸಿಮೆಂಟು ಇಳಿಯುತ್ತಿತ್ತು. ಸ್ವಿಚ್ಚಿನ ಡಬ್ಬಿಗಳ ಮೇಲೆ ಪ್ಲಾಸ್ಟರ್ ಬಳಿದುಬಿಡುತ್ತಿದ್ದರು, ಇವನು ಗೋಡೆಯನ್ನು ತಟ್ಟಿ ತಟ್ಟಿ ಹುಡುಕಬೇಕು. ಕೇಳಿದರೆ, ನಮಗೇನಪ್ಪಾ ಗೊತ್ತು ಎನ್ನುತ್ತಿದ್ದರು. ಆಮೇಲೆ ಆ ಸಿಮೆಂಟಿಗೆ ತಲೆ ಚಚ್ಚಿಕೊಳ್ಳಬೇಕಾದವನು ಯಾರು? ನಾನು!

ಇದನ್ನೆಲ್ಲ ಸಹಿಸಿದೆ. ಪ್ಲಂಬರ್ ದಸ್ತಗೀರ್ ಸಾಬರು ಮಾಡಿದ್ದನ್ನು ಮಾತ್ರ ಸಹಿಸಲಿಲ್ಲ. ಒಂದು ಮನೆಯ ಕೆಲಸದಲ್ಲಿ ಹೊಂಬಾಳಯ್ಯ ಊಟಕ್ಕೆ ಹೋಗಿದ್ದಾಗ, ಅವರು ನನ್ನನ್ನು ಚೀಲದಿಂದ ಎತ್ತಿಕೊಂಡು ಹೋಗಿ ಕಟ್ಟಿಕೊಂಡಿದ್ದ ಬಚ್ಚಲ ಮೋರಿಗೆ ತೂರಿಸಿದರು. ಕರೆಂಟಿನ ದಾರಿ ಕಂಡವನನ್ನು ಮೋರಿಗೆ! ಊಟ ಮುಗಿಸಿ ಬಂದ ಹೊಂಬಾಳಯ್ಯ ನನ್ನ ಮೈಯ ನಾತ ಮೂಗಿಗೆ ಬಡಿದು ಕೂಗಾಡಿದ. ಅರ್ಧ ಗಂಟೆಯ ಸಾಲಕ್ಕೆ ಇಷ್ಟು ರಂಪವೇ ಎಂದು ಅವರೂ ತಿರುಗಿಬಿದ್ದರು. ಹದಿನೆಂಟು ವರ್ಷ ಒಂದೇ ಬೀಡಿಕಟ್ಟು ಹಂಚಿಕೊಂಡಿದ್ದವರು ಅಂದಿನಿಂದ ಮಾತು ಬಿಟ್ಟರು. ನನಗೆ ಆಗ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ.

ವರ್ಷ ಕಳೆದು, ಊರಾಚೆ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟುವ ಕೆಲಸಕ್ಕೆ ಇಬ್ಬರೂ ಬಂದರು. ಒಂದೇ ಬಚ್ಚಲಿನಲ್ಲಿ ಬೆನ್ನಿಗೆ ಬೆನ್ನು ಹಾಕಿ ದುಡಿದರು. ಗೀಸರಿನ ವೈರು ಹೋಗಬೇಕಾದ ದಾರಿಗೆ ಕಬ್ಬಿಣ ಅಡ್ಡ ಬಂದದ್ದರಿಂದ ಹೊಂಬಾಳಯ್ಯ ಪೈಪನ್ನು ಗೇಣುದ್ದ ಎಡಕ್ಕೆ ತಿರುಗಿಸಿದ. ಹಿಂದೆಲ್ಲ ಆಗಿದ್ದರೆ, ಸಾಬ್ರೆ, ಇಲ್ಲಿ ಡ್ರಿಲ್ ಹಾಕಬೇಡಿ ಎಂದು ಕೂಗಿ ಹೇಳುತ್ತಿದ್ದ. ಈ ಸಲ ತುಟಿ ಬಿಚ್ಚಲಿಲ್ಲ. ಪ್ಲಾಸ್ಟರ್ ಆಯಿತು, ಯಾದಗಿರಿಯ ಭೀಮರಾಯ ಬಂದು ಅದರ ಮೇಲೆ ಬಿಳಿ ಟೈಲ್ಸ್ ಹಚ್ಚಿ ಮುಗಿಸಿದ.

ಸೋಮವಾರ ಹುಡುಗಿಯರು ಬರುವವರಿದ್ದರು. ಶನಿವಾರ ಬೆಳಿಗ್ಗೆ ಹೊಂಬಾಳಯ್ಯ ಗೀಸರಿಗೆ ವೈರು ಎಳೆಯಲು ನನ್ನನ್ನು ಒಳಗೆ ಬಿಟ್ಟ. ಎರಡು ಅಡಿ ಹೋದೆ, ನಿಂತೆ. ಎಣ್ಣೆ ಹಚ್ಚಿದ, ತಿರುಚಿದ, ಜಗ್ಗಿದ. ಜಪ್ಪಯ್ಯ ಎಂದರೂ ದಾರಿ ಬಿಡಲಿಲ್ಲ.

ಕಂಟ್ರಾಕ್ಟರ್ ರುದ್ರೇಶಪ್ಪ ಬಂದ. ಒಂದು ಪೈಪಿಗೆ ಇಷ್ಟು ಹೊತ್ತೇ ಎಂದು ಗೊಣಗಿ, ಪಕ್ಕದ ದೀಪದ ಪಾಯಿಂಟಿನಿಂದ ಎರಡು ವೈರು ಕೊಟ್ಟು ಗೀಸರ್ ಉರಿಸು ಎಂದ. ಎರಡು ವೈರಿಗೆ ಗೀಸರ್ ಕಾಯುತ್ತದೆ, ನಿಜ. ಆದರೆ ಮೂರನೆಯದು, ಹಸಿರು ವೈರು, ಭೂಮಿಗೆ ಹೋಗುವಂಥದ್ದು. ಗೀಸರ್ ಕೆಟ್ಟು ಕರೆಂಟು ಸೋರಿದರೆ ಅದು ನೆಲಕ್ಕೆ ಒಯ್ದು ಹಾಕುತ್ತದೆ. ಅದಿಲ್ಲದಿದ್ದರೆ ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದ ಮಗುವಿನ ಮೈಯೇ ಆ ದಾರಿ.

ಹೊಂಬಾಳಯ್ಯ ಬೋರ್ಡಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

"ಅರ್ತಿಂಗ್ ಇಲ್ದೆ ನಾನು ಕರೆಂಟ್ ಕೊಡಲ್ಲ."

"ನೀನಲ್ದಿದ್ರೆ ಇನ್ನೊಬ್ಬ ಬರ್ತಾನೆ ಕಣಯ್ಯ."

"ಕರೆಸಿ. ಅವನು ಬಂದು ನನ್ನನ್ನ ಎತ್ತಿ ಆಚೆ ಹಾಕ್ಲಿ."

ಇವನು ನನ್ನ ಯಜಮಾನ ಎಂದು ಅವತ್ತು ಹೆಮ್ಮೆಪಟ್ಟೆ. ಕಂಟ್ರಾಕ್ಟರ್ ಫೋನು ಹಿಡಿದು ಇನ್ನೊಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆಯತೊಡಗಿದ. ಅವನು ಸಂಜೆಯೊಳಗೆ ಬರುವನಂತೆ.

ಆಗ ಹೊಂಬಾಳಯ್ಯ ಎದ್ದು, ಪೈಪಿನ ಬಾಯಿಯ ಹತ್ತಿರ ನನ್ನನ್ನು ಎರಡು ಬೆರಳಲ್ಲಿ ಹಿಡಿದು ಗುರುತು ಇಟ್ಟುಕೊಂಡ. ಮೆಲ್ಲಗೆ ಹೊರಗೆಳೆದ. ಆ ಗುರುತನ್ನು ಪೈಪಿನ ಬಾಯಿಗೇ ಹಿಡಿದು, ಪೈಪು ಹೋದ ದಾರಿಯಲ್ಲೇ ನನ್ನನ್ನು ಟೈಲ್ಸಿನ ಮೇಲೆ ಚಾಚಿದ. ನನ್ನ ತಲೆ ಹೋಗಿ ಕೂತದ್ದು ಟೈಲ್ಸ್ ಆದ ಮೇಲೆ ದಸ್ತಗೀರ್ ಸಾಬರು ಡ್ರಿಲ್ ಹಾಕಿ ನೀರಿನ ಪೈಪನ್ನು ಗೋಡೆಗೆ ಬಿಗಿದಿದ್ದ ಕ್ಲ್ಯಾಂಪಿನ ಮೇಲೆ. ಒಂದು ನೂಲಿನಷ್ಟೂ ಆಚೀಚೆ ಇಲ್ಲ. ಮೋರಿಗೆ ಹಾಕಿದ್ದಿರಲ್ಲ, ಅನುಭವಿಸಿ ಎಂದುಕೊಂಡೆ.

ಕಂಟ್ರಾಕ್ಟರನಿಗೆ ಬೇಕಾದ್ದು ಸಿಕ್ಕಿತು. ತಪ್ಪೆಲ್ಲ ಪ್ಲಂಬರನದು, ಅವನನ್ನು ಮನೆಗೆ ಕಳಿಸುತ್ತೇನೆ, ನೀನು ಸುಮ್ಮನೆ ಎರಡು ವೈರು ಕೊಡು ಎಂದ. ದಸ್ತಗೀರ್ ಸಾಬರು ಬಾಗಿಲಲ್ಲೇ ನಿಂತಿದ್ದರು. ಅರವತ್ತರ ಹತ್ತಿರದ ಮನುಷ್ಯ, ತಲೆ ತಗ್ಗಿಸಿದರು.

"ಡ್ರಿಲ್ ಬಿಟ್ಟಾಗ ಪ್ಲಾಸ್ಟಿಕ್ ಪುಡಿ ಬಂತು ಹೊಂಬಾಳಯ್ಯ. ಗೊತ್ತಾಯ್ತು. ಮಾತು ಬಿಟ್ಟಿದ್ವಲ್ಲ, ಹೇಳ್ಲಿಲ್ಲ."

ಹೊಂಬಾಳಯ್ಯ ನನ್ನನ್ನು ಸುತ್ತುತ್ತಾ ಸುತ್ತುತ್ತಾ ನಿಲ್ಲಿಸಿದ.

"ಪೈಪು ತಿರುಗಿಸಿದ್ದನ್ನ ನಾನೂ ಹೇಳ್ಲಿಲ್ಲ ಸಾಬ್ರೆ. ತಪ್ಪು ಇಬ್ಬರದೂ."

ನನ್ನ ಜಂಬ ಅಲ್ಲೇ ಇಳಿಯಿತು. ಅವರಿಬ್ಬರ ಬಾಯಿ ಕಟ್ಟಿಸಿದ್ದು ಯಾರ ಜಗಳ? ನನ್ನದು. ಒಂದು ಮೋರಿಯ ನಾತಕ್ಕೆ ಒಂದು ಮಗುವಿನ ಜೀವ ಹೋಗುವುದರಲ್ಲಿತ್ತು.

ದಸ್ತಗೀರ್ ಸಾಬರು ಮಹಡಿಯ ಟ್ಯಾಂಕಿನ ಹತ್ತಿರ ಹೋಗಿ ಬಂದರು. ನೀರು ಬಂದ್ ಮಾಡಿ, ವಾಲ್ವ್ ತಿರುಗಿಸುವ ಹಿಡಿಯನ್ನೇ ಬಿಚ್ಚಿ ಜುಬ್ಬಾದ ಜೇಬಿಗೆ ಇಳಿಬಿಟ್ಟಿದ್ದರು.

"ಯಾರನ್ನಾದ್ರೂ ಕರೆಸ್ಕೊಳ್ಳಿ ರುದ್ರೇಶಪ್ಪೋರೆ. ನೀರಿಲ್ದ ಗೀಸರ್ ಉರ್ಸಕ್ಕಾಗಲ್ಲ."

ಈಗ ಉಳಿದದ್ದು ಗೋಡೆ. ಒಡೆಯಬೇಕು. ಹಚ್ಚಿದ ಟೈಲ್ಸ್ ಒಡೆಯುವುದೆಂದರೆ ಟೈಲ್ಸಿನವನ ಕೆನ್ನೆಗೆ ಹೊಡೆದಂತೆ. ಭೀಮರಾಯ ಆವರೆಗೂ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ಸುತ್ತಿಗೆಗೆ ಕೈ ಹಾಕಿದ ಹೊಂಬಾಳಯ್ಯನನ್ನು ಪಕ್ಕಕ್ಕೆ ಸರಿಸಿದ.

"ನಾ ಹಚ್ಚಿದ್ದು ನಾನೇ ಒಡೀತೀನಿ. ಬ್ಯಾರೇದವ್ರು ಕೈ ಹಚ್ಚಬ್ಯಾಡ್ರಿ."

ಸಾಬರು ತಾವೇ ಹಾಕಿದ್ದ ಕ್ಲ್ಯಾಂಪಿನ ಸ್ಕ್ರೂ ಬಿಚ್ಚಿದರು. ಭೀಮರಾಯ ಒಂದೇ ಟೈಲ್, ಅಕ್ಕಪಕ್ಕದ್ದಕ್ಕೆ ಗೀರೂ ಬೀಳದಂತೆ ತೆಗೆದ. ಹೊಂಬಾಳಯ್ಯ ಒಡೆದ ಪೈಪನ್ನು ಕತ್ತರಿಸಿ ಹೊಸ ತುಂಡು ಕೂರಿಸಿದ. ಕಂಟ್ರಾಕ್ಟರ್ ಕೂಗುವಷ್ಟು ಕೂಗಿ ಸುಮ್ಮನಾದ. ಮೂವರೂ ಒಂದೇ ಕಡೆ ನಿಂತರೆ ಅವನಾದರೂ ಎಷ್ಟು ಹೊತ್ತು ಕೂಗಿಯಾನು?

ಮಧ್ಯಾಹ್ನ ನನ್ನನ್ನು ಮತ್ತೆ ಬಿಟ್ಟರು. ಸರಸರನೆ ಹೋಗಿ ಆಚೆ ಬದಿಯಲ್ಲಿ ತಲೆ ಎತ್ತಿದೆ. ಬಾಲಕ್ಕೆ ಕಟ್ಟಿದ ಕೆಂಪು, ಕಪ್ಪು, ಹಸಿರು ಮೂರನ್ನೂ ಎಳೆತಂದೆ. ಒಂದು ತುದಿಯಲ್ಲಿ ವೈರು ಒಳಬಿಡುತ್ತಿದ್ದವರು ಸಾಬರು, ಇನ್ನೊಂದು ತುದಿಯಲ್ಲಿ ಎಳೆಯುತ್ತಿದ್ದವನು ಹೊಂಬಾಳಯ್ಯ. "ಬಿಡ್ಲಾ?" "ಬಿಡಿ ಸಾಬ್ರೆ." ಒಂದು ವರ್ಷದ ಮೇಲೆ ಆ ಮಾತು ನನ್ನ ಮೈಮೇಲಿಂದಲೇ ಆಚೀಚೆ ಹೋಗುತ್ತಿತ್ತು.

ಈಗ ನನಗೆ ವಯಸ್ಸಾಗಿದೆ. ತಲೆಯ ಸುರುಳಿ ಸಡಿಲಾಗಿದೆ, ಮೈ ಅಲ್ಲಲ್ಲಿ ಸೊಟ್ಟ. ಹೊಂಬಾಳಯ್ಯ ನೈಲಾನಿನ ಹೊಸದೊಂದನ್ನು ತಂದ ದಿನ ನನ್ನನ್ನು ಗುಜರಿಗೆ ಹಾಕಲಿಲ್ಲ. ಕೊನೆಯ ಸಲ ಎಣ್ಣೆ ಸವರಿ, ಸಾಬರ ಕೈಗೆ ತಾನೇ ಕೊಟ್ಟ. ಇನ್ನು ಮೋರಿಗೆ ಬಿಡಿ, ನಾನೇನೂ ಅನ್ನಲ್ಲ ಎಂದು ನಕ್ಕ. ಹೌದು, ಈಗ ನಾನು ಮೋರಿಯವನು. ಮೂಗು ಮುರಿಯುವವರು ಮುರಿಯಿರಿ. ಕಟ್ಟಿಕೊಂಡದ್ದು ಎಲ್ಲಿದ್ದರೂ ನಾನು ಹೋಗಿ ಮುಟ್ಟುತ್ತೇನೆ.

ಮೊನ್ನೆ ಅದೇ ಹಾಸ್ಟೆಲಿನ ಅದೇ ಬಚ್ಚಲಿನ ಮೋರಿಗೆ ಕೂದಲು ಕಟ್ಟಿಕೊಂಡಿತ್ತು. ಸಾಬರು ನನ್ನನ್ನು ಬಿಟ್ಟು ಅದನ್ನೆಲ್ಲ ಹೊರತೆಗೆದರು. ಗೋಡೆಯ ಮೇಲೆ ಭೀಮರಾಯ ಅವತ್ತು ಹೊಸದಾಗಿ ಹಚ್ಚಿದ ಆ ಒಂದು ಟೈಲ್ ಉಳಿದವಕ್ಕಿಂತ ಚೂರು ಬಿಳಿಯಾಗಿತ್ತು. ನೀರು ಹೋಗುತ್ತದೆಯೇ ನೋಡಮ್ಮ ಎಂದು ಸಾಬರು ಹೇಳಿದಾಗ ಒಬ್ಬ ಹುಡುಗಿ ಬರಿಗಾಲಲ್ಲಿ ಬಂದು, ಒದ್ದೆ ಕೈಯಲ್ಲಿ ಗೀಸರಿನ ನಲ್ಲಿ ಹಿಡಿದಳು. ತಕ್ಷಣ ಕೈ ಹಿಂದಕ್ಕೆಳೆದುಕೊಂಡಳು.

ನನ್ನ ಜೀವ ಬಾಯಿಗೆ ಬಂತು.

"ಅಯ್ಯೋ, ಸುಡ್ತೈತೆ ತಾತ" ಎಂದು ನಕ್ಕು, ತಣ್ಣೀರು ಬೆರೆಸಿಕೊಂಡು ಮುಖ ತೊಳೆಯತೊಡಗಿದಳು.