ನೂರು ಎಂಬ ರಕ್ತ

ಯಂತ್ರದ ಮುಳ್ಳು ಮತ್ತೆ ಮೇಲೇರಿತ್ತು. ಗಂಗಹನುಮಯ್ಯ ತಿರುಪನ್ನು ಮುಟ್ಟಿರಬೇಕು.

ಉಪನ್ಯಾಸಕ ಪಟ್ಟಾಭಿರಾಮ ಸಹಾಯಕನನ್ನು ಓರೆಗಣ್ಣಿನಿಂದ ನೋಡಿದ. ಗುಬ್ಬಿಯ ಛತ್ರದ ಜಗಲಿಯಲ್ಲಿ ಆತ ಗಾಜಿನ ನಳಿಕೆ ತೊಳೆಯುತ್ತಿದ್ದ. ಅಷ್ಟು ಮಗ್ನನಾಗಿ ತೊಳೆಯುವಂಥದ್ದೇನಿದೆ?

ರಕ್ತದ ಕೆಂಪನ್ನು ಅಳೆಯುವ ಈ ಯಂತ್ರವನ್ನು ಪಟ್ಟಾಭಿರಾಮ ತುಮಕೂರಿನ ಬಾಡಿಗೆ ಕೋಣೆಯಲ್ಲಿ ತಾನೇ ಜೋಡಿಸಿದ್ದ. ರಕ್ತಹೀನರಿಗೆ ಕಬ್ಬಿಣದ ಗುಳಿಗೆ ಹಂಚಿ, ತಿಂಗಳಿಗೊಮ್ಮೆ ಬಂದು ಅಳೆಯುತ್ತಿದ್ದ. ಇಲ್ಲೂ ಕುಣಿಗಲ್ಲಿನಲ್ಲೂ ಎಲ್ಲರ ರಕ್ತ ಏರುತ್ತಿತ್ತು. ಆ ಅಂಕಿಗಳ ಬಲದ ಮೇಲೆಯೇ ಬೊಂಬಾಯಿಗೆ, ವೈದ್ಯಕೀಯ ಇಂಜಿನಿಯರಿಂಗಿನ ಡಾಕ್ಟರೇಟಿಗೆ ಅರ್ಜಿ. ಇವತ್ತೇ ಅಂಚೆಗೆ ಬೀಳಬೇಕು. ಬಿದ್ದರೆ ಉಪನ್ಯಾಸಕನ ಹಾಳು ಬದುಕಿನಿಂದ ಬಿಡುಗಡೆ.

ಊರಿನವರು ಅವನನ್ನು ನಂಬಿರಲಿಲ್ಲ. ಚೀನಾ ಯುದ್ಧಕ್ಕೆ ರಕ್ತ ಕಳಿಸುತ್ತಾನೆಂದು ಗುಸುಗುಸು. ಮೊದಲು ಅವನು ತನ್ನ ಬೆರಳು ಚುಚ್ಚಿಕೊಂಡರೆ ಮಾತ್ರ ಅವರು ಕೈ ನೀಡುತ್ತಿದ್ದುದು. ಹೇಗೂ ಬಂದ ಹನಿಯನ್ನು ಯಾಕೆ ಚೆಲ್ಲಬೇಕೆಂದು, ಅದನ್ನೇ ನೂರು ಎಂದು ಯಂತ್ರಕ್ಕೆ ಗೊತ್ತುಮಾಡಿ ಉಳಿದವರನ್ನು ಅದಕ್ಕೆ ಹೋಲಿಸಿ ಅಳೆಯುತ್ತಿದ್ದ.

ಗುಳಿಗೆ ಚೆನ್ನಾಗಿ ಹಿಡಿದಿದೆ ಎಂದು, ಆಗಷ್ಟೇ ರಕ್ತ ಕೊಟ್ಟಿದ್ದ ಕಲ್ಲಮ್ಮನಿಗೆ ಹೇಳಿದ. ಆಕೆ ಸೆರಗಿನ ಗಂಟು ಬಿಚ್ಚಿದಳು. ಗುಳಿಗೆಗಳೆಲ್ಲ ಹಾಗೇ ಇದ್ದವು.

"ಬೈಬ್ಯಾಡಿ ಸ್ವಾಮಿ. ಯಾರೂ ನುಂಗಿಲ್ಲ ಬುಡಿ."

"ಯಾಕೆ?"

"ರಕ್ತ ಹೆಚ್ಚುಸ್ಬುಟ್ಟು ಆಮೇಲೆ ಜಾಸ್ತಿ ತಗೊಂಡೋಗ್ತೀರಲ್ಲ, ಅದ್ಕೇ."

ಸಾಲಿನಲ್ಲಿದ್ದವರು ನೆಲ ನೋಡಿದರು.

ಕೇಳಿದ್ದಕ್ಕೆ ಗಂಗಹನುಮಯ್ಯ ತಾನು ತಿರುಪು ಮುಟ್ಟಿಲ್ಲವೆಂದ. ಪಟ್ಟಾಭಿರಾಮ ನಂಬಲಿಲ್ಲ. ಆದರೆ ಲೆಕ್ಕ ತಾನಾಗಿಯೇ ತಲೆಯೊಳಗೆ ತಿರುಗಿತು. ಯಾರ ರಕ್ತವೂ ಏರಿಲ್ಲವೆಂದರೆ, ಇಳಿದಿರುವುದು ನೂರು, ಅಂದರೆ ತನ್ನದೇ ರಕ್ತ. ಹೋದ ತಿಂಗಳು ದೇವರಾಯನದುರ್ಗದ ಮೆಟ್ಟಿಲಲ್ಲಿ ಉಸಿರು ಕಟ್ಟಿದಾಗ ಸಿಗರೇಟನ್ನು ಬೈದುಕೊಂಡಿದ್ದ. ಅವನಿಗೆ ಭಯವಾಯಿತು. ಕೈಯನ್ನು ಕೋಟಿನ ಜೇಬಿಗೆ ತುರುಕಿದ.

"ನನ್ ರಕ್ತ ನೂರು ಅಂತ ಇಟ್ಕೊಂಡು ನಿಮ್ದು ನೋಡಾಣ ಸಾರ್," ಎಂದು ಗಂಗಹನುಮಯ್ಯ ಬೆರಳು ಚಾಚಿದ.

ಇವನಿಗೇನು ಇದರಿಂದ ಲಾಭ? ಅರ್ಜಿ ತಪ್ಪಿಸಲು ಯಾರಾದರೂ ಹೇಳಿಕೊಟ್ಟಿರಬಹುದು. ಹಿಂದೆಯೇ ಕಲ್ಲಮ್ಮನೂ ಕೈ ನೀಡಿದಳು. ಗುಳಿಗೆ ನುಂಗದವಳ ರಕ್ತವನ್ನು ನಂಬುವುದು ಹೇಗೆ?

"ಬೇಡ," ಎಂದ.

ತನ್ನ ಬೆರಳು ಚುಚ್ಚಿಕೊಂಡ. ಒಂದು ಹನಿಯನ್ನು ನೂರು ಗೊತ್ತುಮಾಡುವ ಅಳತೆಯ ನಳಿಕೆಗೆ ಹಾಕಿದ. ಇನ್ನೊಂದನ್ನು ರೋಗಿಯ ನಳಿಕೆಗೆ. ಎಲ್ಲರೂ ಬಗ್ಗಿ ನೋಡಿದರು. ಮುಳ್ಳು ಸರಿಯಾಗಿ ನೂರಕ್ಕೆ ಬಂದು ನಿಂತಿತು. ಅವನ ಬೆರಳಿನಿಂದ ತಿಳಿಗೆಂಪು ನೀರು ಜಿನುಗುತ್ತಲೇ ಇತ್ತು.